ಅಘನಾಶಿನಿ ಅಳಿವೆ ಬಗ್ಗೆ ಡೋಮ್ ಸಿನಿಮಾ: ಕ್ಯಾಮೆರಾ ಎಲ್ಲಿಡೋದು, ಯಾವಾಗ ಇಡೋದು?

ನದಿಮೂಲ_ಶಿರಸಿ
ಎಲ್ಲರಿಗೂ ನಮಸ್ಕಾರ. ನಾವೊಂದಿಷ್ಟು ಸ್ನೇಹಿತರು ಸೇರಿ ಅಘನಾಶಿನಿ ಮೇಲೆ ಒಂದು ಸಿನಿಮಾ ಮಾಡೋಕೆ ಹೊರಟಿದೀವಿ. ಮಾಮೂಲಿ ಡಾಕ್ಯುಮೆಂಟರಿ ಅಲ್ಲ, ತಾರಾಲಯದ ಡೋಮ್ ಒಳಗೆ ಕೂತು ಸುತ್ತ ನೋಡೋ ಥರದ್ದು, ಆಮೇಲೆ ಅದನ್ನೇ ವಿಆರ್ ಹೆಡ್‌ಸೆಟ್‌ಗೂ ಕೊಡಬೇಕು ಅಂತ ಆಸೆ. ಶಿರಸಿ ಶಂಕರಹೊಂಡದಿಂದ ತದಡಿ ತನಕ 120 ಕಿಲೋಮೀಟರ್ ಆಸುಪಾಸಿನ ನದಿ, ಮಧ್ಯೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ, ಘಟ್ಟದ ಮಳೆ ನೇರ ಸಮುದ್ರಕ್ಕೆ ಹೋಗತ್ತೆ, ಪಶ್ಚಿಮ ಘಟ್ಟದಲ್ಲಿ ಹೀಗೆ ಉಳಿದಿರೋ ನದಿಗಳು ಕಮ್ಮಿ. 2024ರ ಜನವರಿ ಕೊನೆಯಲ್ಲಿ ಅಳಿವೆಗೆ ರಾಮ್‌ಸಾರ್ ಪಟ್ಟ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ ಬೇರೆ ಬಂತು, 4801 ಹೆಕ್ಟೇರ್. ಅದಾದ್ಮೇಲೆ ಎಲ್ಲಿ ನೋಡಿದ್ರೂ ಇದರ ಡ್ರೋನ್ ವಿಡಿಯೋ. ಎಲ್ಲಾ ಚೆನ್ನಾಗೇ ಇದೆ ಆದ್ರೆ ನೋಡಿ ಮುಗಿಸಿದ ಮೇಲೆ ನನಗೆ ಆ ಜಾಗದಲ್ಲಿ ಇದ್ದೆ ಅನ್ನಿಸೋದೇ ಇಲ್ಲ. ನಮಗೆ ಬೇಕಾಗಿರೋದು ಅದು. 360 ಕ್ಯಾಮೆರಾ ಇದೆ, 8ಕೆ ತೆಗೆಯತ್ತೆ. ಎಲ್ಲಿಂದ ಶುರು ಮಾಡೋದು, ಕ್ಯಾಮೆರಾ ಯಾವ ಎತ್ತರಕ್ಕೆ ಇಡೋದು, ಸೌಂಡ್ ಹೇಗೆ, ಗೊತ್ತಿರೋರು ದಯವಿಟ್ಟು ಹೇಳಿ.

ಪಯಣಿಗ_ಹುಬ್ಬಳ್ಳಿ
ಡ್ರೋನ್ ಕೈಬಿಡಬ್ಯಾಡ್ರಿ ಸರ್. ಉಂಚಳ್ಳಿ ಫಾಲ್ಸ್ ಆಗಸ್ಟ್‌ನಾಗ ಮ್ಯಾಲಿಂದ ತಗದ್ರ 116 ಮೀಟರ್ ನೀರು ಬೀಳೋದು ಡೋಮ್‌ನಾಗ ಹೆಂಗ್ ಕಾಣಬಾರದು ವಿಚಾರ ಮಾಡ್ರಿ.

ಕುರ್ವೆಯವ
ನಾನು ಅಳಿವೆ ಬದಿಯವನೇ, ಅದಕ್ಕೆ ಸ್ವಲ್ಪ ಉದ್ದ ಬರೀತೆ, ಬೇಜಾರು ಮಾಡ್ಕೋಬೇಡಿ.

ಮೇಲಿಂದ ತೆಗೆದ್ರೆ ಅಳಿವೆ ನಕಾಶೆ ಆಗ್ತದೆ ಅಷ್ಟೇ. ನೀಲಿ ಒಂದು ಕಡೆ, ಹಸಿರು ಒಂದು ಕಡೆ, ನಡುವೆ ಕೊಂಕಣ ರೈಲ್ವೆ ಸೇತುವೆ. ಅಲ್ಲಿ ನಡೆಯೋದೆಲ್ಲ ಮೊಣಕಾಲಿಂದ ಕೆಳಗೆ ಮಾರಾಯ್ರೆ. ಇಳಿತ ಶುರುವಾದಾಗ ಬಂದು ನೋಡಿ, ಮೊದಲು ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಬುಡ ಕಾಣ್ತದೆ, ಆಮೇಲೆ ಕಲ್ಲಿಗೆ ಕಚ್ಚಿಕೊಂಡ ಕಲ್ಗ ಅನ್ನೋ ಚಿಪ್ಪುಜೀವಿ, ಆಮೇಲೆ ಕೆಸರು ಹೊಳೀತದೆ, ಏಡಿಗಳು ತೂತಿನಿಂದ ಹೊರಗೆ ಬಂದು ಒಂದು ಕೈ ಎತ್ತಿ ಇಳಿಸಿ ಮಾಡ್ತವೆ, ಅಷ್ಟೊತ್ತಿಗೆ ಬೆಳಚು, ಅಂದ್ರೆ ಕೆಸರಲ್ಲಿರೋ ಚಿಪ್ಪುಮೀನು, ಹೆಕ್ಕೋರು ಸೊಂಟಮಟ್ಟ ನೀರಿಗೆ ಇಳಿದಾಗಿರ್ತದೆ. ಅವರು ಬೆಳಚು ಕಣ್ಣಲ್ಲಿ ನೋಡಿ ಹೆಕ್ಕೋದಲ್ಲ, ಅಂಗಾಲಲ್ಲಿ ಹುಡುಕೋದು. ಹೆಬ್ಬೆರಳು ಕೆಸರಲ್ಲಿ ಹೊಸೀತಾ ಹೋಗ್ತದೆ, ಚಿಪ್ಪು ತಾಗಿದ ತಕ್ಷಣ ಬಗ್ಗಿ ಕೈ ಹಾಕ್ತಾರೆ, ಮಾತು ಮಾತ್ರ ನಿಲ್ಲೋದಿಲ್ಲ, ಮಗಳ ಮದುವೆ ಸುದ್ದಿಯಿಂದ ಹಿಡಿದು ಸೊಸೈಟಿ ಸಾಲದವರೆಗೆ ಎಲ್ಲ ಅಲ್ಲೇ. ಈ ಕಾಲಿನ ಕೆಲಸ ನಿಮ್ಮ ಡ್ರೋನ್‌ಗೆ ಯಾವತ್ತೂ ಸಿಗೋದಿಲ್ಲ.

ಇನ್ನೊಂದು, ನೀವು ಬೆಳಿಗ್ಗೆ ಬೆಳಕು ಚೆನ್ನಾಗಿದೆ ಅಂತ ಬರ್ತೀರಿ, ಆದರೆ ಆ ದಿನ ಬೆಳಿಗ್ಗೆ ಭರತ ಇದ್ರೆ ಇಲ್ಲಿ ನೀರು ಬಿಟ್ಟು ಏನೂ ಇಲ್ಲ. ದಿನಕ್ಕೆ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ, ದಿನದಿಂದ ದಿನಕ್ಕೆ ಮುಕ್ಕಾಲು ತಾಸಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗ್ತದೆ. ಅಮಾವಾಸ್ಯೆ ಹುಣ್ಣಿಮೆ ಸುತ್ತ ಇಳಿತ ಜೋರು. ಕಾರವಾರದ ಟೈಡ್ ಟೇಬಲ್ ನೋಡಿ ಬನ್ನಿ, ಆದರೆ ಅದು ಕಾರವಾರದ್ದು, ಮಿರ್ಜಾನ ಕಡೆ ಒಳಗೆ ಹೋದಷ್ಟೂ ತಡ. ಅಲ್ಲಿಯ ಅಂಬಿಗರನ್ನ ಕೇಳಿದ್ರೆ ಸರಿಯಾಗಿ ಹೇಳ್ತಾರೆ.

ನದಿಮೂಲ_ಶಿರಸಿ
ಕುರ್ವೆಯಣ್ಣ, ಇದನ್ನ ಓದಿ ನಮ್ಮ ಶೂಟಿಂಗ್ ಶೆಡ್ಯೂಲ್ ಪೂರ್ತಿ ತೆಗೆದು ಹಾಕ್ತಿದೀನಿ. ಸೂರ್ಯೋದಯ ನೋಡಿ ಮಾಡಿದ್ದು ಅದು.

ಬೆಳಕಿನಕೋಲು
ಡೋಮ್ ಪ್ರೊಜೆಕ್ಷನ್ ಕೆಲಸ ಮಾಡೋನು ನಾನು, ಅದರ ಲೆಕ್ಕ ಹೇಳ್ತೀನಿ, ಯಾಕಂದ್ರೆ ಕುರ್ವೆಯವರು ಹೇಳಿದ ಮೊಣಕಾಲಿನ ಕೆಳಗಿನ ಜಗತ್ತಿಗೂ ಡೋಮ್‌ಗೂ ದೊಡ್ಡ ಜಗಳ ಇದೆ.

ಡೋಮ್ ಅಂದ್ರೆ ಅರ್ಧ ಗೋಳ. ಅದನ್ನ ಕಟ್ಟಿರೋದೇ ಆಕಾಶ ತೋರಿಸೋಕೆ. 360 ಕ್ಯಾಮೆರಾನ ನೆಟ್ಟಗೆ ನಿಲ್ಲಿಸಿ ತೆಗೆದ ಶಾಟ್‌ನ ಹಾಗೇ ಡೋಮ್‌ಗೆ ಹಾಕಿದ್ರೆ ಕ್ಷಿತಿಜ ಹೋಗಿ ಕೆಳಗಿನ ಅಂಚಲ್ಲಿ ಕೂರತ್ತೆ, ಅದರ ಕೆಳಗಿರೋ ಕೆಸರು, ಕಾಲು, ಏಡಿ ಎಲ್ಲಾ ಕತ್ತರಿಸಿ ಹೋಗತ್ತೆ, ನಿಮಗೆ ಉಳಿಯೋದು ಬರೀ ಮೋಡ. ಹೆಚ್ಚಿನ ನದಿ ಸಿನಿಮಾಗಳು ಡೋಮ್‌ನಲ್ಲಿ ಸೋಲೋದು ಇಲ್ಲೇ. ಇದಕ್ಕೆ ಎರಡು ದಾರಿ ಇದೆ. ಒಂದು, ಎಡಿಟಿಂಗ್‌ನಲ್ಲಿ ಗೋಳವನ್ನೇ ಮುಂದಕ್ಕೆ ಬಗ್ಗಿಸೋದು, ಕೆಸರು ಬಯಲು ನೋಡುಗನ ಎದುರಿಗೆ ಎದ್ದು ನಿಲ್ಲತ್ತೆ. ಸ್ವಲ್ಪ ಬಗ್ಗಿಸಿದ್ರೆ ಸಹಜ ಅನ್ನಿಸತ್ತೆ, ಜಾಸ್ತಿ ಆದ್ರೆ ತಲೆ ತಿರುಗತ್ತೆ, ಡೋಮ್‌ನಲ್ಲೇ ಕೂತು ಟೆಸ್ಟ್ ಮಾಡದೆ ಹೇಳೋಕಾಗಲ್ಲ.

ಎರಡನೇದು ನನಗೆ ಭಾಳ ಇಷ್ಟ: ಕ್ಯಾಮೆರಾನ ನೀರಿನ ತಳದಲ್ಲಿ ಮಲಗಿಸಿ ಮೇಲಕ್ಕೆ ನೋಡೋ ಹಾಗೆ ಇಡಿ. ನೀರೊಳಗಿಂದ ಮೇಲೆ ನೋಡಿದಾಗ ಹೊರಗಿನ ಇಡೀ ಆಕಾಶ, ದಡದ ಮರಗಳ ಸಮೇತ, ಸುಮಾರು 97 ಡಿಗ್ರಿಯ ಒಂದು ಬೆಳಕಿನ ವೃತ್ತದೊಳಗೆ ಮಡಚಿಕೊಂಡು ಕೂತಿರತ್ತೆ, ಅದರ ಸುತ್ತ ನೀರಿನ ಮೇಲ್ಮೈ ಕನ್ನಡಿ ಆಗಿ ತಳದ ಕಲ್ಲುಗಳನ್ನೇ ತಿರುಗಿ ತೋರಿಸ್ತಾ ಇರತ್ತೆ. ಬೆಳಕು ನೀರಿಂದ ಗಾಳಿಗೆ ಬಗ್ಗೋ ಕಾರಣಕ್ಕೆ ಹೀಗಾಗೋದು. ಫ್ಲಾಟ್ ಸ್ಕ್ರೀನ್‌ನಲ್ಲಿ ಇದು ಒಂದು ಎಫೆಕ್ಟ್ ಥರ ಕಾಣತ್ತೆ, ಡೋಮ್‌ನಲ್ಲಿ ಹಾಕಿದ್ರೆ ನೋಡೋರು ನಿಜಕ್ಕೂ ಹೊಳೆ ತಳದಲ್ಲಿ ಮಲಗಿರ್ತಾರೆ. ಆದ್ರೆ ನೀರು ತಿಳಿ ಇರಬೇಕು. ಅಳಿವೆಯಲ್ಲಿ ಆಗೋದು ಕಷ್ಟ, ಘಟ್ಟದ ಮೇಲಿನ ಗುಂಡಿಗಳಲ್ಲಿ ಡಿಸೆಂಬರ್ ಜನವರಿಯಲ್ಲಿ ಆಗಬಹುದು. ಎರಡು ಲೆನ್ಸ್ ಇರೋ 360 ಕ್ಯಾಮೆರಾನ ಹಾಗೇ ಮುಳುಗಿಸಿದ್ರೆ ನೀರಲ್ಲಿ ಬೆಳಕಿನ ಕೋನ ಬದಲಾಗಿ ಎರಡು ಚಿತ್ರದ ಜೋಡಣೆ ಬಿಟ್ಟುಕೊಳ್ಳತ್ತೆ, ಅದಕ್ಕಂತಲೇ ಬರೋ ಡೈವ್ ಕೇಸ್ ಹಾಕಲೇಬೇಕು.

ರೆಸಲ್ಯೂಶನ್ ಬಗ್ಗೆ ಒಂದು ಮಾತು. ನಿಮ್ಮ 8ಕೆ ಅಂದ್ರೆ ಸುತ್ತ 360 ಡಿಗ್ರಿಗೆ 7680 ಪಿಕ್ಸೆಲ್. ಡೋಮ್‌ಗೆ ಬೇಕಾದ 180 ಡಿಗ್ರಿಗೆ ಸಿಗೋದು 3840, ಅಂದ್ರೆ 4ಕೆ ಡೋಮ್‌ಗೆ ಸ್ವಲ್ಪ ಕಮ್ಮಿ. ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 18 ಮೀಟರ್ ವ್ಯಾಸದ್ದು, 8ಕೆ ವ್ಯವಸ್ಥೆ, 2018ರಲ್ಲಿ ಶುರುವಾಗಿದ್ದು. ಅಷ್ಟು ದೊಡ್ಡ ಗೋಡೆ ಮೇಲೆ ನಿಮ್ಮ ಫುಟೇಜ್ ಮೆತ್ತಗೆ ಕಾಣತ್ತೆ. ಕ್ಯಾಮೆರಾ ಅಲ್ಲಾಡದೆ ಇರೋ ಶಾಟ್‌ಗಳಿಗೆ ಒಳ್ಳೆ ಸ್ಟಿಲ್ ಕ್ಯಾಮೆರಾಗೆ ಫಿಶ್‌ಐ ಹಾಕಿ ಟೈಮ್‌ಲ್ಯಾಪ್ಸ್ ತೆಗೀರಿ, ಅದರ ವಿವರ ಬೇರೇನೇ ಲೆವೆಲ್. ನೀರು ಏರೋದು ಇಳಿಯೋದಕ್ಕೆ ಅದೇ ಸರಿ.

ಮಸ್ಕತ್_ಕನ್ನಡಿಗ
ಹೆಡ್‌ಸೆಟ್‌ಗೆ ಖಂಡಿತ ಮಾಡಿ. ನನ್ನ ಊರು ಹೊನ್ನಾವರ ಕಡೆ, ಇಲ್ಲಿ ಕೂತು ಹೊಳೆ ನೋಡೋಕೆ ನಮ್ಮಂಥೋರಿಗೆ ಡೋಮ್ ಎಲ್ಲಿ ಸಿಗತ್ತೆ. ದೋಣಿ ಮೇಲಿನ ಶಾಟ್ ಜಾಸ್ತಿ ಇರಲಿ.

ಬೆಳಕಿನಕೋಲು
ದೋಣಿ ಶಾಟ್ ಹುಷಾರು. ಹೆಡ್‌ಸೆಟ್‌ನಲ್ಲಿ ಕಣ್ಣು ಓಡ್ತಾ ಇದೆ ದೇಹ ಕೂತಿದೆ ಅಂದ್ರೆ ಹೊಟ್ಟೆ ತೊಳಸತ್ತೆ. ಮೋಟಾರ್ ದೋಣಿ ಬೇಡವೇ ಬೇಡ, ಹುಟ್ಟು ಹಾಕೋ ದೋಣಿ, ನಿಧಾನ, ಕ್ಷಿತಿಜ ವಾಲದ ಹಾಗೆ ಹಿಡಿಯೋ ಹೊರೈಜನ್ ಲಾಕ್ ಆನ್ ಇಟ್ಟು, ದೋಣಿಯ ಅಂಚು ಫ್ರೇಮ್‌ನಲ್ಲಿ ಕಾಣ್ತಾ ಇರಲಿ, ಆಗ ನೋಡೋರಿಗೆ ತಾವು ಏನರ ಮೇಲೋ ಕೂತಿದೀವಿ ಅಂತ ಮೈಗೆ ನೆಲೆ ಸಿಗತ್ತೆ. ಮತ್ತೆ ಯಾವುದೇ ವಸ್ತು ಕ್ಯಾಮೆರಾಗೆ ಒಂದು ಮೀಟರ್‌ಗಿಂತ ಹತ್ತಿರ ಬಂದು ಜೋಡಣೆ ಗೆರೆ ಮೇಲೆ ಇದ್ರೆ ಹರಿದ ಹಾಗೆ ಕಾಣತ್ತೆ. ಬೆಳಚು ಹೆಕ್ಕೋ ಕೈ ಹತ್ತಿರದಿಂದ ಬೇಕು ಅಂದ್ರೆ ಆ ಕೈ ಒಂದು ಲೆನ್ಸಿನ ನಟ್ಟನಡುವೆ ಬರೋ ಹಾಗೆ ಕ್ಯಾಮೆರಾ ತಿರುಗಿಸಿ ಇಡಿ.

ಕಿವಿಗೊಡು
ಇಲ್ಲಿವರೆಗೆ ಎಲ್ಲರೂ ಕಣ್ಣಿನ ಬಗ್ಗೆನೇ ಮಾತಾಡ್ತಿದೀರಿ. ನಾನು ಸೌಂಡ್ ರೆಕಾರ್ಡಿಂಗ್ ಮಾಡೋಳು, ನನ್ನ ಪ್ರಕಾರ ಈ ಸಿನಿಮಾದ ಅರ್ಧಕ್ಕಿಂತ ಹೆಚ್ಚು ಕಿವೀಲೇ ಇರಬೇಕು.

ಹೈಡ್ರೋಫೋನ್ ಅಂದ್ರೆ ನೀರೊಳಗಿನ ಮೈಕ್, ತೀರಾ ದುಬಾರಿ ಅಲ್ಲ ಈಗ. ಅಳಿವೆಯಲ್ಲಿ ಅದನ್ನ ಇಳಿಸಿ ಹೆಡ್‌ಫೋನ್ ಹಾಕಿದ್ರೆ ಮೊದಲು ಕೇಳೋದು ಚಟಪಟ ಚಟಪಟ ಅಂತ ಬಿಡದೆ ಬರೋ ಸದ್ದು. ಮೊದಲ ಸಲ ಕೇಳಿದೋರು ಕೇಬಲ್ ಕೆಟ್ಟಿದೆ ಅಂತಲೇ ಅಂದ್ಕೊಳ್ತಾರೆ. ಅದು ಒಂದು ಜಾತಿ ಸಿಗಡಿ, ದೊಡ್ಡ ಕೊಂಡಿಯನ್ನ ಎಷ್ಟು ಜೋರಾಗಿ ಮುಚ್ಚತ್ತೆ ಅಂದ್ರೆ ನೀರಲ್ಲಿ ಗುಳ್ಳೆ ಹುಟ್ಟಿ ಒಡೆಯೋ ಸದ್ದು ಅದು. ಬೆಚ್ಚಗಿನ ಕಡಲತೀರದ ಆಳ ಇಲ್ಲದ ನೀರಲ್ಲೆಲ್ಲ ಇದು ಇರತ್ತೆ. ನದಿ ಮೇಲಕ್ಕೆ, ಸಿಹಿನೀರಿನ ಕಡೆಗೆ ಹೋದ ಹಾಗೆ ಈ ಚಟಪಟ ತೆಳ್ಳಗಾಗ್ತಾ ಹೋಗಬೇಕು. ನಾನು ನಿಮ್ಮ ಜಾಗದಲ್ಲಿ ಇದ್ದಿದ್ರೆ ತದಡಿಯಿಂದ ಮಿರ್ಜಾನ, ದೀವಗಿ, ಉಪ್ಪಿನಪಟ್ಟಣ ಹೀಗೆ ಒಂದೊಂದು ಕಡೆ ಹೈಡ್ರೋಫೋನ್ ಇಳಿಸಿ ಅದನ್ನೇ ಒಂದು ದೃಶ್ಯ ಮಾಡ್ತಿದ್ದೆ, ತೆರೆ ಮೇಲೆ ಏನೂ ಜಾಸ್ತಿ ಇಲ್ಲ, ಉಪ್ಪು ಮುಗಿದು ಸಿಹಿ ಶುರುವಾಗೋದು ಬರೀ ಕಿವಿಗೆ ಗೊತ್ತಾಗಬೇಕು.

ನೀರಿನ ಹೊರಗಿನ ಸದ್ದಿಗೆ ಎಲ್ಲಾ ದಿಕ್ಕಿನ ಸದ್ದು ಹಿಡಿಯೋ ಆಂಬಿಸಾನಿಕ್ ಮೈಕ್ ಬೇಕು, ನಾಲ್ಕು ಚಾನಲ್‌ನದ್ದಾದ್ರೂ ಸಾಕು, ಹೆಡ್‌ಸೆಟ್‌ನಲ್ಲಿ ತಲೆ ಎತ್ತ ತಿರುಗಿಸಿದ್ರೂ ಸದ್ದು ತಾನಿದ್ದ ದಿಕ್ಕಿನಿಂದಲೇ ಕೇಳತ್ತೆ. ಆದ್ರೆ ನೀರೊಳಗಿನ ಸದ್ದಿಗೆ ದಿಕ್ಕು ಕೊಡೋಕೆ ಹೋಗಬೇಡಿ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗತ್ತೆ, ಗಾಳಿಯಲ್ಲಿ 340ರ ಸುತ್ತ. ಅಷ್ಟು ವೇಗಕ್ಕೆ ನಮ್ಮ ಎರಡು ಕಿವಿ ನಡುವಿನ ಸಮಯದ ವ್ಯತ್ಯಾಸನೇ ಸಿಗಲ್ಲ, ಮುಳುಗಿದಾಗ ಸದ್ದು ಎಲ್ಲಾ ಕಡೆಯಿಂದ, ತಲೆ ಒಳಗಿಂದಲೇ ಬಂದ ಹಾಗಿರತ್ತೆ. ಹಾಗಾಗಿ ಕ್ಯಾಮೆರಾ ನೀರಿಗಿಳಿದ ಕ್ಷಣ ಎಲ್ಲಾ ಸ್ಪೀಕರ್‌ಗೂ ಸಮ ಹಂಚಿ. ದಿಕ್ಕು ಕಳೆದುಹೋಗೋದೇ ಅಲ್ಲಿಯ ಸತ್ಯ.

ಬೆಳಗಿನ ಜಾವ ರೆಕಾರ್ಡ್ ಮಾಡಿ, ಹೊತ್ತೇರಿದ ಮೇಲೆ ಕಡಲಗಾಳಿ ಎದ್ರೆ ಮೈಕಿಗೆ ಎಷ್ಟು ತುಪ್ಪಳ ಸುತ್ತಿದ್ರೂ ಬುಸುಬುಸು ತಪ್ಪಲ್ಲ.

ಪಯಣಿಗ_ಹುಬ್ಬಳ್ಳಿ
ಹಿನ್ನೆಲೆಗೆ ಅಲ್ಲಿಯ ಹಾಲಕ್ಕಿ ಸಮುದಾಯದವರ ಹಾಡು ಹಾಕಿದ್ರ ಭಾಳ ಛಂದ ಆಕ್ಕತಿ ಅನಸ್ತದ.

ಕಿವಿಗೊಡು
ಹಿನ್ನೆಲೆಗೆ ಅಂತ ಬೇಡ ಸರ್. ಆ ಹಾಡುಗಳಿಗೆ ಹಾಡೋ ಹೊತ್ತಿದೆ, ಕೆಲಸ ಇದೆ, ಹಬ್ಬ ಇದೆ. ಗದ್ದೆಯಲ್ಲಿ ಅವರೇ ಹಾಡಿದ್ರೆ, ಒಪ್ಪಿಗೆ ಕೊಟ್ರೆ, ಆ ಜಾಗದಲ್ಲೇ ರೆಕಾರ್ಡ್ ಮಾಡಿ ಪೂರ್ತಿ ಇಡಿ, ಹಾಡಿದೋರ ಹೆಸರು ಹಾಕಿ, ದುಡ್ಡು ಕೊಡಿ. ಎಲ್ಲೋ ಸಿಕ್ಕಿದ್ದನ್ನ ಜಲಪಾತದ ಕೆಳಗೆ ಅಂಟಿಸೋದು ಸರಿ ಅಲ್ಲ.

ನದಿಮೂಲ_ಶಿರಸಿ
ಒಪ್ಪಿದೆ ಅಕ್ಕಾ. ಒಂದು ಡೌಟು, ರೈಲು ಸೇತುವೆ ಸದ್ದು, ಹೈವೇ 66ರ ಲಾರಿ ಸದ್ದು ದೂರಕ್ಕೂ ಕೇಳತ್ತೆ, ಅದನ್ನ ಕ್ಲೀನ್ ಮಾಡಬೇಕಾ?

ಕಿವಿಗೊಡು
ಯಾಕೆ ತೆಗೀಬೇಕು? ಬೆಳಚು ಹೆಕ್ಕೋರು ದಿನಾ ಕೇಳೋ ಸದ್ದು ಅದು. ರೈಲು ಹೋಗುವಾಗ ಸೇತುವೆ ಕಂಬದ ಪಕ್ಕ ಹೈಡ್ರೋಫೋನ್ ಇಟ್ಟು ನೋಡಿ, ನೀರೊಳಗೂ ಅದು ಬರತ್ತೆ. ಮೀನಿಗೆ ಏನು ಕೇಳತ್ತೆ ಅನ್ನೋದು ನೋಡೋರಿಗೂ ಗೊತ್ತಾಗಲಿ.

ಗಜನಿಗದ್ದೆ
ತುಂಬಾ ಹೊತ್ತಿಂದ ಓದ್ತಾ ಇದ್ದೆ. ನಮ್ಮದು ಮಾಣಿಕಟ್ಟಾ ಕಡೆ, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯೋ ಮನೆ. ಒಂದೆರಡು ವಿಷಯ ಹೇಳಬೇಕು.

ಅಳಿವೆ ಅಂದ್ರೆ ಹೊಳೆ, ಕಾಂಡ್ಲಾ, ಬೆಳಚು ಅಂತ ಅಲ್ಲಿಗೇ ನಿಂತ್ರೆ ಗಜನಿ ಬಿಟ್ಟುಹೋಗ್ತದೆ. ಉಪ್ಪುನೀರು ಬರೋ ಜಾಗಕ್ಕೆ ಕಟ್ಟೆ ಕಟ್ಟಿ, ಬಾಗಿಲು ಇಟ್ಟು, ಮಳೆಗಾಲ ಬಂದ ಮೇಲೆ ಮಳೆನೀರಲ್ಲಿ ಉಪ್ಪು ತೊಳೆದುಹೋಗೋಕೆ ಬಿಟ್ಟು ಅಲ್ಲಿ ಕಗ್ಗ ಹಾಕ್ತೇವೆ. ಗೊಬ್ಬರ ಇಲ್ಲ, ಔಷಧಿ ಇಲ್ಲ, ನೆರೆ ಬಂದು ಕೆಲವು ದಿನ ಮುಳುಗಿದ್ರೂ ಎದ್ದು ನಿಲ್ಲೋ ಭತ್ತ ಅದು, ಉಪ್ಪು ತಡೀತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಬಾಗಿಲು ತೆಗೆದು ಉಪ್ಪುನೀರು ಬಿಡ್ತೇವೆ, ನೀರಿನ ಜೊತೆ ಸಿಗಡಿ ಮೀನು ಒಳಗೆ ಬರ್ತವೆ, ಕೊಯ್ದು ಉಳಿದ ಕೂಳೆ ಕೊಳೆತು ಅವಕ್ಕೆ ಮೇವು. ಅಂದ್ರೆ ಒಂದೇ ಜಾಗ ಆಗಸ್ಟ್‌ನಲ್ಲಿ ಹಸಿರು ಗದ್ದೆ, ಜನವರಿಯಲ್ಲಿ ಮೀನಿನ ಕೆರೆ. ನೀವು ಕ್ಯಾಮೆರಾ ಇಡೋದಾದ್ರೆ ಕಟ್ಟೆಯ ಆ ಬಾಗಿಲ ಹತ್ತಿರ ಇಡಿ. ನಾಡಿನ ನೀರು, ಕಡಲಿನ ನೀರು ಯಾವುದು ಯಾವಾಗ ಒಳಗೆ ಅಂತ ಮನುಷ್ಯ ಕೈಯಾರೆ ತೀರ್ಮಾನ ಮಾಡೋ ಜಾಗ ಅದೊಂದೇ. ಈಚೆಗೆ ಕೂಲಿ ಸಿಗ್ತಿಲ್ಲ, ಕಟ್ಟೆ ಒಡೆದ ಕಡೆ ಸರಿ ಮಾಡಿಸೋರಿಲ್ಲ, ಕಗ್ಗ ಹಾಕೋರು ಕಮ್ಮಿ ಆಗ್ತಿದಾರೆ, ಅದೂ ಬರಲಿ ನಿಮ್ಮ ಸಿನಿಮಾದಲ್ಲಿ.

ಎರಡನೇದು, ಈ 360 ಕ್ಯಾಮೆರಾದಲ್ಲಿ ಸುತ್ತ ಎಲ್ಲಾ ಕಾಣ್ತದಂತಲ್ಲ. ಹಾಗಿದ್ರೆ ನೀರಲ್ಲಿ ಬಗ್ಗಿ ಕೆಲಸ ಮಾಡೋ ಹೆಂಗಸರಿಗೆ ತಾವು ಯಾವಾಗ ಚಿತ್ರದಲ್ಲಿದೇವೆ ಅಂತ ಗೊತ್ತಾಗೋದು ಹೇಗೆ? ಮಾಮೂಲಿ ಕ್ಯಾಮೆರಾ ಆದ್ರೆ ಅದರ ಮುಖ ಯಾವ ಕಡೆ ಅಂತ ಕಾಣ್ತದೆ, ಬೇಡ ಅಂದ್ರೆ ಸರೀಬಹುದು. ಒದ್ದೆ ಸೀರೆ ಎತ್ತಿಕಟ್ಟಿ ಕೆಲಸ ಮಾಡ್ತಾ ಇರ್ತಾರೆ, ದೊಡ್ಡ ಗೋಡೆ ಮೇಲೆ ಊರವರೆಲ್ಲ ನೋಡೋದು ಅಂದ್ರೆ ಸಣ್ಣ ವಿಷಯ ಅಲ್ಲ.

ನದಿಮೂಲ_ಶಿರಸಿ
ಮೇಡಂ, ಎರಡನೇ ಮಾತು ನಮ್ಮ ಯಾರ ತಲೆಗೂ ಬಂದಿರಲಿಲ್ಲ, ಕೃತಜ್ಞತೆ. ಹೀಗೆ ಮಾಡಬಹುದಾ ಹೇಳಿ: ಮೊದಲ ಸಲ ಕ್ಯಾಮೆರಾ ತರದೇ ಬರ್ತೀವಿ. ಎರಡನೇ ಸಲ ತೆಗೆದಿದ್ದನ್ನ ಅವತ್ತೇ ಸಂಜೆ ಅವರ ಮನೆಯಲ್ಲೇ ಹೆಡ್‌ಸೆಟ್ ಹಾಕಿಸಿ ತೋರಿಸಿ, ಬೇಡ ಅಂದಿದ್ದನ್ನ ಅವರ ಎದುರೇ ಅಳಿಸ್ತೀವಿ. ಮತ್ತೆ ಕ್ಯಾಮೆರಾ ಓಡ್ತಿರೋವಾಗ ಅದರ ಕಂಬಕ್ಕೆ ಒಂದು ಕೆಂಪು ಬಟ್ಟೆ ಕಟ್ತೀವಿ, ಬಟ್ಟೆ ಇದ್ರೆ ಆನ್, ಇಲ್ಲ ಅಂದ್ರೆ ಆಫ್. ಬಟ್ಟೆ ಫ್ರೇಮ್‌ನಲ್ಲಿ ಕಂಡ್ರೂ ಪರವಾಗಿಲ್ಲ.

ಗಜನಿಗದ್ದೆ
ಬಟ್ಟೆಯ ವಿಚಾರ ಒಳ್ಳೇದು. ಅವತ್ತಿನ ದುಡಿಮೆ ನಿಮ್ಮಿಂದ ಕಮ್ಮಿ ಆದ್ರೆ ಅದನ್ನ ಕೊಡಬೇಕು. ಇಳಿತದ ಹೊತ್ತು ಕೆಲವು ತಾಸು ಮಾತ್ರ, ಅದರೊಳಗೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳ್ತಾ ನಿಂತ್ರೆ ಬುಟ್ಟಿ ತುಂಬೋದಿಲ್ಲ.

ಕುರ್ವೆಯವ
ಕಂಬದ ಮಾತು ಬಂತಲ್ಲ, ಟ್ರೈಪಾಡ್ ಕೆಸರಲ್ಲಿ ನಿಲ್ಲೋದಿಲ್ಲ. ಇಟ್ಟಾಗ ಸರಿ ಇರ್ತದೆ, ಕಾಲು ಗಂಟೆಯಲ್ಲಿ ಒಂದು ಕಾಲು ಹೂತು ವಾಲ್ತದೆ. ಅಡಿಕೆ ಮರದ ಕಂಬ ಗಟ್ಟಿ ನೆಲ ಸಿಗೋವರೆಗೆ ಹುಗಿದು ಅದರ ತಲೆ ಮೇಲೆ ಕ್ಯಾಮೆರಾ ಕೂರಿಸಿ. ಹೈಡ್ರೋಫೋನಿಗೆ ಚಿರೇಕಲ್ಲಿನ ತುಂಡು ಕಟ್ಟಿ ಇಳಿಸಿದ್ರೆ ಸೆಳೆತಕ್ಕೆ ಹೋಗೋದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲಾ ಸಾಮಾನು ಸಿಹಿನೀರಲ್ಲಿ ತೊಳೀರಿ, ಉಪ್ಪು ಒಣಗಿ ಕೂತ್ರೆ ಸ್ಕ್ರೂ ಬಿಚ್ಚೋಕೂ ಬರೋದಿಲ್ಲ.

ಆಮೇಲೆ ಕಂಬ ಹುಗಿದ ಜಾಗ ಬಿಡಬೇಡಿ. ಜನವರಿಯಲ್ಲಿ ಅಲ್ಲೇ ತೆಗೀರಿ, ಜುಲೈನಲ್ಲೂ ಅಲ್ಲೇ ತೆಗೀರಿ. ಮಳೆಗಾಲದಲ್ಲಿ ಘಟ್ಟದ ನೀರು ಬಂದ್ರೆ ಅಳಿವೆ ಹೆಚ್ಚುಕಮ್ಮಿ ಸಿಹಿ ಆಗ್ತದೆ, ನೀರು ಕೆಂಪು, ಬೆಳಚು ತಡಿಯೋದಿಲ್ಲ, ಮಳೆ ನಿಂತು ಉಪ್ಪು ತಿರುಗಿ ಒಳಗೆ ಬಂದ ಮೇಲೆ ಮತ್ತೆ ಹುಟ್ಟಬೇಕು. ಉಂಚಳ್ಳಿ ಬೇಡ ಅಂತ ನಾನು ಹೇಳ್ಲಿಲ್ಲ. ಉಂಚಳ್ಳಿಯಲ್ಲಿ ಬಿದ್ದ ನೀರು ಇಲ್ಲಿ ಬಂದು ಏನು ಮಾಡ್ತದೆ ಅಂತ ಗೊತ್ತಾದ್ರೆ ಆಗ ಉಂಚಳ್ಳಿಗೂ ಒಂದು ಅರ್ಥ ಇದೆ.

ಬೆಳಕಿನಕೋಲು
ಇದು ಸರಿಯಾದ ಮಾತು. ಒಂದೇ ಕಂಬ, ಎರಡು ಕಾಲ, ಒಂದರಿಂದ ಇನ್ನೊಂದಕ್ಕೆ ಡೋಮ್‌ನಲ್ಲಿ ನಿಧಾನಕ್ಕೆ ಕರಗಿಸಿದ್ರೆ ದಡದ ಗುಡ್ಡ ಕದಲೋದಿಲ್ಲ, ನೀರು ಮಾತ್ರ ಬದಲಾಗತ್ತೆ. ಲೆನ್ಸ್ ದಿಕ್ಕು ಕಂಬದ ಮೇಲೆ ಗೀಚಿ ಗುರುತು ಮಾಡಿಡಿ. ಸಾಧ್ಯ ಆದ್ರೆ ಉಪ್ಪುನೀರು ಸಿಹಿನೀರು ಸೇರೋ ಪದರವನ್ನೂ ಹಿಡೀರಿ, ಉಪ್ಪುನೀರು ಭಾರ, ತಳದಲ್ಲಿ ನುಗ್ಗತ್ತೆ, ಸಿಹಿ ಮೇಲೆ ಹೊರಗೆ ಹೋಗತ್ತೆ, ಎರಡರ ನಡುವೆ ಬೆಳಕು ಎಣ್ಣೆ ಕದಡಿದ ಹಾಗೆ ನಡುಗತ್ತೆ. ಮಳೆ ಮುಗಿದು ಕೆಂಪು ಇಳಿದ ಮೇಲೆ ಅಕ್ಟೋಬರ್ ನವೆಂಬರ್‌ನಲ್ಲಿ ಪ್ರಯತ್ನ ಮಾಡಬಹುದು, ಕ್ಯಾಮೆರಾ ಕಣ್ಣಿಗೆ ತೀರಾ ಹತ್ತಿರ ಮಾತ್ರ.

ಮಸ್ಕತ್_ಕನ್ನಡಿಗ
ಒಂದು ಕೇಳ್ತೀನಿ. ತದಡಿಯಲ್ಲಿ ಒಂದು ಕಾಲಕ್ಕೆ 4000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಇತ್ತು, ಜನ ವಿರೋಧ ಮಾಡಿ ಅದು ಬರಲಿಲ್ಲ. ಬಂದರಿನ ಯೋಜನೆಯೂ ಬಂದಿತ್ತು. ಈಗ ಅಘನಾಶಿನಿ ನೀರನ್ನ ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸೋ ಮಾತು. ಇದೆಲ್ಲ ಸಿನಿಮಾದಲ್ಲಿ ಹೇಳೋರು ಯಾರು? ಬರೀ ಸುಂದರವಾಗಿ ತೋರಿಸಿದ್ರೆ ಜನ ಚೆನ್ನಾಗಿದೆ ಅಂದು ಎದ್ದು ಹೋಗ್ತಾರೆ.

ನದಿಮೂಲ_ಶಿರಸಿ
ನಮ್ಮ ತಂಡದಲ್ಲೂ ಇದೇ ಜಗಳ ನಡೀತಿದೆ. ನನ್ನ ನಿಲುವು ಹೇಳ್ತೀನಿ. ಡೋಮ್ ಒಳಗೆ ಭಾಷಣದ ದನಿ ಬಂದ ತಕ್ಷಣ ಮೈ ವಾಪಸ್ ಕುರ್ಚಿಗೆ ಬರತ್ತೆ, ಹಾಗಾಗಿ ನಿರೂಪಣೆ ಬೇಡ. ಆದ್ರೆ ವಿಷಯ ಬಿಡೋಕೂ ಆಗಲ್ಲ. ಈ ಥ್ರೆಡ್ ಓದಿದ ಮೇಲೆ ಅನ್ನಿಸ್ತಿರೋದು, ಜುಲೈ ನೀರು ಬಂದು ಅಳಿವೆ ತೊಳೆಯೋದನ್ನ, ಆಮೇಲೆ ಬೆಳಚು ಹುಟ್ಟೋದನ್ನ, ಗಜನಿ ಬಾಗಿಲು ತೆಗೆಯೋದನ್ನ ಒಂದರ ಹಿಂದೆ ಒಂದು ಮೈಗೆ ಗೊತ್ತಾಗೋ ಹಾಗೆ ಕಟ್ಟಿದ್ರೆ, ಸಮುದ್ರಕ್ಕೆ ಹೋಗೋ ನೀರು ವ್ಯರ್ಥ ಅನ್ನೋ ಮಾತನ್ನ ಆಮೇಲೆ ಯಾರಾದ್ರೂ ಹೇಳಿದಾಗ ಇದನ್ನ ನೋಡಿದೋರು ಒಪ್ಪಲ್ಲ. ನದಿ ತಿರುಗಿಸೋ ವಿಷಯ ಸಿನಿಮಾ ಮುಗಿದು ದೀಪ ಹಾಕಿದ ಮೇಲೆ ಮಾತುಕತೆಯಲ್ಲಿ ಬರಲಿ, ಅಲ್ಲಿಗೆ ಮೀನುಗಾರರು, ಕಗ್ಗ ಬೆಳೆಯೋರು, ಶಿರಸಿ ಕಡೆಯ ತೋಟದೋರು ಒಂದೇ ವೇದಿಕೆ ಮೇಲೆ ಕೂರಲಿ. ಸಾಣಿಕಟ್ಟಾ ಉಪ್ಪಿನ ಆಗರದ ಕೆಲಸಗಾರರನ್ನೂ ಕರೀಬೇಕು, ಬೇಸಿಗೆಯಲ್ಲಿ ಅವರ ಕೆಲಸಾನೂ ತೆಗೀತೀವಿ.

ಕುರ್ವೆಯವ
ಮಾತುಕತೆ ಬೆಂಗಳೂರಲ್ಲಿ ಆದ್ರೆ ನಾವು ಬರೋದಿಲ್ಲ. ಮೊದಲ ಪ್ರದರ್ಶನ ಇಲ್ಲೇ ಆಗಬೇಕು.

ಬೆಳಕಿನಕೋಲು
ಗಾಳಿ ತುಂಬೋ ಡೋಮ್ ಬರತ್ತೆ, ಶಾಲೆಗಳಿಗೆ ತಾರಾಲಯ ತೋರಿಸೋಕೆ ಒಯ್ಯೋದು, ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮಕ್ಕಳು ಕೂರಬಹುದು. ಬ್ಲೋವರ್ ನಿಂತ್ರೆ ಡೋಮ್ ಕೂತುಬಿಡತ್ತೆ, ಹಾಗಾಗಿ ಜನರೇಟರ್ ಬೇಕೇ ಬೇಕು. ಶಾಲೆಯ ಹಾಲ್ ಒಳಗೆ ಆದ್ರೆ ಗಾಳಿಯ ಕಾಟ ಇಲ್ಲ, ಆದ್ರೆ ಮಾಡಿನ ಎತ್ತರ ಅಳೆದು ಹೇಳಿ. ಮಳೆಗಾಲದ ಶೂಟಿಂಗೂ ಮುಗಿದಿರಬೇಕು ಅಂದ್ರೆ ಮುಂದಿನ ಚಳಿಗಾಲದಲ್ಲಿ ಇಟ್ಕೊಳ್ಳೋದು ಒಳ್ಳೇದು. ಒಂದು ಹುಣ್ಣಿಮೆ ದಿನ ಮಾಡೋಣ್ವಾ?

ಗಜನಿಗದ್ದೆ
ಹುಣ್ಣಿಮೆ ಬೇಡ. ಆವಾಗ ಇಳಿತ ಜೋರು, ಬೆಳಚಿಗೆ ಹೋಗೋರೆಲ್ಲ ಹೊಳೆಯಲ್ಲೇ ಇರ್ತಾರೆ. ಅಷ್ಟಮಿ ನವಮಿ ಸುತ್ತ ನೀರು ಜಾಸ್ತಿ ಏರೋದೂ ಇಲ್ಲ ಇಳಿಯೋದೂ ಇಲ್ಲ, ಜನಕ್ಕೆ ಪುರುಸೊತ್ತು ಇರ್ತದೆ, ಆವಾಗ ಇಟ್ಕೊಳ್ಳಿ. ರಾತ್ರಿ ಹತ್ತಿರದಲ್ಲಿ ಎಲ್ಲೂ ಯಕ್ಷಗಾನದ ಆಟ ಇಲ್ಲದ ದಿನ ನೋಡಿ. ಶಾಲೆ ಹಾಲಿನ ಎತ್ತರ ನಾನು ಅಳೆದು ಇಲ್ಲೇ ಹಾಕ್ತೇನೆ.